ವಚನದ ಅಂಕಿತ: ಒಂದು ವಿವೇಚನೆ

ವಚನಕಾರರ ಅಂಕಿತಗಳ ವಿಷಯವಾಗಿ ನಮ್ಮ ವಿದ್ವಾಂಸರು ಬರೆದಿರುವುದು ಕಡಿಮೆಯಲ್ಲ. ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದಂದಿನಿಂದ ಮೊದಲುಗೊಂಡು, 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿದವರೆಗೆ, ಯಾವ ವಚನ ಯಾರದೆಂದು ನಿರ್ಣಯಿಸುವುದಕ್ಕೆ ಅಂಕಿತವೇ ಮುಖ್ಯ ಆಧಾರವಾಗಿದೆ. ಇದರಿಂದ ಆದ ಉಪಕಾರ ದೊಡ್ಡದು. ಆದರೆ ಒಂದು ಅಪಕಾರವೂ ಆಗಿದೆಯೆಂದು ನಮಗೆ ತೋರುತ್ತದೆ. ಅಂಕಿತವೆಂದರೆ ಕರ್ತೃವನ್ನು ಗುರುತಿಸುವ ಮೊಹರು ಮಾತ್ರ ಎಂಬ ಭಾವನೆ ಬೇರೂರಿ, ಪಾಠ ಹೇಳುವ ನಾವೂ ಅದನ್ನು 'ಹೊಂದಿಸಿ ಬರೆಯಿರಿ' ಎಂಬ ಪ್ರಶ್ನೆಗೆ ಒಪ್ಪಿಸಿ ಸುಮ್ಮನಾಗಿದ್ದೇವೆ. ಎಡಗಡೆಗೆ ಶರಣನ ಹೆಸರು, ಬಲಗಡೆಗೆ ದೇವರ ಹೆಸರು, ನಡುವೆ ಒಂದು ಗೀಟು. ಅಲ್ಲಿಗೆ ಅಂಕಿತದ ಕೆಲಸ ಮುಗಿಯಿತು.

ಹೀಗೆ ಮುಗಿಸಿದವರಲ್ಲಿ ನಾವೂ ಒಬ್ಬರು. ಆ ತಪ್ಪು ತಿಳಿದುಬಂದದ್ದು ಗೋವೆಯ ದಾಬೋಲಿಮ್‌ನಲ್ಲಿ. ಅಲ್ಲಿಯ ಕನ್ನಡಿಗರು ಒಂದು ಬಸವ ಜಯಂತಿಯಂದು ಏರ್ಪಡಿಸಿದ್ದ ವಚನ ಪಠಣದ ಸ್ಪರ್ಧೆಗೆ ನಾವು ಪರೀಕ್ಷಕರಾಗಿ ಹೋಗಿದ್ದೆವು. ವಿಮಾನ ನಿಲ್ದಾಣದ ಸುತ್ತಣ ದಿಬ್ಬದ ಮೇಲೂ ಪಕ್ಕದ ವಾಸ್ಕೋ ಪಟ್ಟಣದಲ್ಲೂ ವಿಜಯಪುರ, ಬಾಗಲಕೋಟೆ, ಕೊಪ್ಪಳ, ಗದಗ ಮೊದಲಾದ ಕಡೆಗಳಿಂದ ದುಡಿಮೆಗೆ ಬಂದು ನೆಲಸಿದ ಮನೆತನಗಳು ಅನೇಕವಿವೆ. ಆ ಮನೆಗಳ ಮಕ್ಕಳೇ ಸ್ಪರ್ಧಿಗಳು. ಎಂಟನೆಯ ಇಯತ್ತೆಯ ಒಬ್ಬ ಹುಡುಗ ಬಸವಣ್ಣನವರ ವಚನವೊಂದನ್ನು ಬಹು ಸ್ಪಷ್ಟವಾಗಿ ಹೇಳಿದನು. ಆದರೆ ಕೊನೆಯ ಅಂಕಿತವನ್ನು ನುಂಗಿಬಿಟ್ಟನು. ಮರೆತನೆಂದು ತಿಳಿದು ನಾವು ಎರಡು ಅಂಕ ಕಳೆದೆವು. ಸಭೆ ಮುಗಿದ ಮೇಲೆ ಕರೆದು ಕೇಳಿದರೆ, ಹುಡುಗ ತಲೆ ತಗ್ಗಿಸಿ ಹೇಳಿದ್ದು ಇಷ್ಟು: "ಮರ್ತಿಲ್ರೀ ಸರ್. ಅದನ್ನ ಹೇಳಿದ್ರ ನಾವು ಯಾವ ಪೈಕಿ ಅಂತ ಎಲ್ಲಾರಿಗೂ ತಿಳೀತೈತಿ. ಸಾಲ್ಯಾಗ ಹುಡುಗ್ರು ಕೇಳ್ತಾರ್ರಿ."

ಆ ಎರಡು ಅಂಕಗಳನ್ನು ನಾವು ಮರಳಿ ಕೊಟ್ಟೆವು. ಅದು ದೊಡ್ಡ ಮಾತಲ್ಲ. ಆದರೆ ಹುಡುಗನ ಉತ್ತರದಲ್ಲಿ ನಮ್ಮ ಪಠ್ಯಪುಸ್ತಕಗಳ ಟಿಪ್ಪಣಿಗಳಲ್ಲಿ ಇಲ್ಲದ ಒಂದು ಸಂಗತಿ ಇದ್ದಿತು. ಅಂಕಿತವನ್ನು ನುಡಿಯುವುದೆಂದರೆ ನಾಲ್ಕು ಜನರ ನಡುವೆ ತನ್ನ ನಂಬುಗೆಯನ್ನೂ ತನ್ನ ಗುರುತನ್ನೂ ಒಟ್ಟಿಗೆ ಬಿಚ್ಚಿಡುವುದು ಎಂಬುದನ್ನು ಅವನು ಬಲ್ಲವನಾಗಿದ್ದನು. ಬಲ್ಲವನಾದುದರಿಂದಲೇ ಅಂಜಿದನು. ಹನ್ನೆರಡನೆಯ ಶತಮಾನದ ಶರಣರು ಅಂಜದೆ ನುಡಿದರೆಂದು ನಾವು ಹೊಗಳುತ್ತೇವೆ. ಅವರು ನುಡಿದುದು ಏನನ್ನು, ಯಾರ ಮುಂದೆ, ಯಾವ ರೀತಿಯಲ್ಲಿ ಎಂಬುದನ್ನು ವಿಚಾರಿಸದೆ ಹೊಗಳಿದರೆ ಪ್ರಯೋಜನವೇನು?

ಮೊದಲು ಒಂದು ಹೋಲಿಕೆ. ದಾಬೋಲಿಮ್ ದಿಬ್ಬದ ಉತ್ತರದ ಇಳುಕಲಿನಲ್ಲಿ ನಿಂತರೆ ಜುವಾರಿ ಹೊಳೆಯ ಆಚೆಯ ದಂಡೆ ಕಾಣುತ್ತದೆ. ಗೋವೆಯ ಕದಂಬರ ರಾಜಧಾನಿಯಾಗಿದ್ದ ಗೋಪಕಪಟ್ಟಣವು ಆ ದಂಡೆಯಲ್ಲಿದ್ದಿತು. 1147ರಲ್ಲಿ ಪಟ್ಟಕ್ಕೆ ಬಂದ ಪೆರ್ಮಾಡಿದೇವನಿಗೆ ಶಿವಚಿತ್ತನೆಂದು ಬಿರುದು. ಅವನ ತಮ್ಮ ವಿಜಯಾದಿತ್ಯನಿಗೆ ವಿಷ್ಣುಚಿತ್ತನೆಂದು ಬಿರುದು. ಒಂದೇ ಮನೆಯ ಇಬ್ಬರು ತಮ್ಮ ತಮ್ಮ ನಂಬುಗೆಯನ್ನೇ ಹೆಸರಾಗಿ ಹೊತ್ತು ಕೂಡಿ ರಾಜ್ಯವಾಳಿದರು. ಪೆರ್ಮಾಡಿಯ ರಾಣಿ ಕಮಲಾದೇವಿ ಕಿತ್ತೂರಿಗೆ ಸಮೀಪದ ದೇಗಾಂವಿಯಲ್ಲಿ ಕಮಲನಾರಾಯಣನ ಗುಡಿಯನ್ನು ಕಟ್ಟಿಸಿದಳು. ಶಿವಚಿತ್ತನ ಹೊನ್ನಿನ ನಾಣ್ಯಗಳ ಮೇಲೆ ಕದಂಬರ ಸಿಂಹವಿದೆ. ಅವನು ಸಪ್ತಕೋಟೀಶ್ವರನಿಂದ ವರಪ್ರಸಾದ ಪಡೆದವನೆಂಬ ಅರ್ಥದ ಬರೆಹವಿದೆ. ದೇವರ ಹೆಸರು, ತನ್ನ ಹೆಸರು, ಇವೆರಡರ ಸಂಬಂಧ: ಅಂಕಿತದಲ್ಲಿರುವ ಸಾಮಗ್ರಿಯೆಲ್ಲ ಆ ಅಂಗೈಯಗಲಕ್ಕೂ ಕಿರಿದಾದ ಹೊನ್ನಿನಲ್ಲಿದೆ. ಕಾಲವೂ ಹೆಚ್ಚುಕಡಮೆ ಬಸವಣ್ಣನವರ ಕಾಲವೇ.

ಆದರೂ ನಾಣ್ಯದ ಬರೆಹ ಅಂಕಿತವಲ್ಲ. ನಾಣ್ಯವನ್ನು ಕೈಯಲ್ಲಿ ಹಿಡಿದ ವ್ಯಾಪಾರಿ ಅರಸನನ್ನು ಕುರಿತು "ನಿನಗೆ ಈ ವರ ದೊರೆತದ್ದು ಹೌದೆ?" ಎಂದು ಕೇಳುವಂತಿಲ್ಲ, ತೂಕ ನೋಡಿ ಚೀಲಕ್ಕೆ ಹಾಕಿಕೊಳ್ಳಬೇಕು. ವಚನದ ಅಂಕಿತವಾದರೋ ಕೇಳುವವರನ್ನು ಎದುರಿಗಿಟ್ಟುಕೊಂಡೇ ಹುಟ್ಟಿದ್ದು. ನನ್ನ ಮಾತಿಗೆ ನನ್ನ ದೇವರು ಸಾಕ್ಷಿ, ಮಾತು ಸುಳ್ಳಾದರೆ ನೀವು ಕೇಳಬಹುದು ಎಂಬ ಒಪ್ಪಂದ ಅದರಲ್ಲಿದೆ. ಅರಸನ ಮುದ್ರೆಗೂ ಶರಣನ ಮುದ್ರಿಕೆಗೂ ಇರುವ ಈ ಅಂತರವೇ ನಮ್ಮ ಪ್ರಬಂಧದ ಮುಖ್ಯ ಮಾತು.

ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ನೋಡೋಣ. ಶೂನ್ಯಸಂಪಾದನೆಗಳು ವಚನಗಳನ್ನು ಆಯ್ದು ಸಂವಾದದ ರೂಪಕ್ಕೆ ಹೊಂದಿಸಿದ ಗ್ರಂಥಗಳು. ಶಿವಗಣಪ್ರಸಾದಿ ಮಹಾದೇವಯ್ಯನ ಮೊದಲ ಸಂಕಲನವೇ ಶರಣರ ಕಾಲಕ್ಕಿಂತ ಎರಡು ಶತಮಾನಗಳಿಗೂ ಮಿಕ್ಕಿ ಈಚಿನದು. ಆದುದರಿಂದ ಅಲ್ಲಿಯ ಮಾತುಕತೆ ಹಾಗೆಯೇ ನಡೆಯಿತೆಂದು ಪ್ರಮಾಣ ಮಾಡಲಾಗದು. ಆದರೆ ಅಂಕಿತವನ್ನು ಹೇಗೆ ಕೇಳಬೇಕೆಂದು ಆ ಸಂಕಲನಕಾರರು ಬಲ್ಲವರಾಗಿದ್ದರು. ಅಲ್ಲಮನು ಬಂದ ಹೆಣ್ಣುಮಗಳಿಗೆ ಸ್ವಾಗತ ಹೇಳುವುದಿಲ್ಲ. ನಿನ್ನ ಪತಿ ಯಾರು ಎಂದು ಕೇಳುತ್ತಾನೆ. ಚೆನ್ನಮಲ್ಲಿಕಾರ್ಜುನನೆಂದು ಅವಳ ಉತ್ತರ. ಅಂದರೆ ಅಂಕಿತವೇ ಅವಳ ಉತ್ತರ. ಅಲ್ಲಿಗೆ ಅವನು ಬಿಡುವುದಿಲ್ಲ. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನು ಮರೆಮಾಡಿಕೊಂಡಿರುವುದೇಕೆ ಎಂದು ಇನ್ನೂ ಕಠಿನವಾದ ಪ್ರಶ್ನೆಯನ್ನು ಒಡ್ಡುತ್ತಾನೆ. ಅವಳು ಹಣ್ಣಿನ ಉಪಮೆಯಿಂದ ಉತ್ತರ ಕೊಡುತ್ತಾಳೆ; ತನ್ನ ಮೈಯನ್ನು ಕಂಡು ನಿಮಗೆ ನೋವಾಗದಿರಲೆಂದು ಮುಚ್ಚಿಕೊಂಡೆನೆಂದೂ ಸೇರಿಸುತ್ತಾಳೆ. ಈ ಕೊನೆಯ ಮಾತನ್ನು ಪಾಠದಲ್ಲಿ ನಾವು ಅವಸರದಿಂದ ದಾಟಿಬಿಡುತ್ತೇವೆ, ದಾಟಬಾರದು. ತನ್ನದನ್ನೆಲ್ಲ ಸಭೆಯ ಮುಂದೆ ಬಿಚ್ಚಿಟ್ಟವಳು ಯಾವುದನ್ನು ಮುಚ್ಚಬೇಕೆಂಬ ನಿರ್ಧಾರವನ್ನು ತನ್ನ ಕೈಯಲ್ಲಿಯೇ ಇಟ್ಟುಕೊಂಡಿದ್ದಾಳೆ. ಸಭೆಗೆ ಪ್ರಶ್ನಿಸುವ ಅಧಿಕಾರವಿದೆ, ಸುಲಿಯುವ ಅಧಿಕಾರವಿಲ್ಲ.

ದಾಬೋಲಿಮ್‌ನ ಹುಡುಗನನ್ನು ಶಾಲೆಯಲ್ಲಿ ಕೇಳುವವರು ಅಲ್ಲಮರಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಅಲ್ಲಮನ ಪ್ರಶ್ನೆಗೆ ಉತ್ತರ ಕೊಟ್ಟವಳು ಆ ಕೂಟಕ್ಕೆ ಅಕ್ಕನಾದಳು. ಶಾಲೆಯ ಅಂಗಳದ ಪ್ರಶ್ನೆಗೆ ಏನು ಉತ್ತರ ಕೊಟ್ಟರೂ ಕೇಳಿದವನು ಒಂದು ಚೀಟಿ ಅಂಟಿಸಿ ಹೋಗುತ್ತಾನೆ. ಎರಡೂ ಪ್ರಶ್ನೆಗಳ ಶಬ್ದಗಳು ಒಂದೇ ಇರಬಹುದು.

ಇನ್ನು ಅಂಕಿತದಲ್ಲಿ ಅಡಗಿರುವ ಗುರುತು ಎಂತಹದು? ಅದು ಜಾತಿಯ ಗುರುತೆಂದು ಹುಡುಗ ತಿಳಿದಿದ್ದನು. ಹುಡುಗನಷ್ಟೇ ಏಕೆ, ದೊಡ್ಡವರೂ ಹಾಗೆಯೇ ತಿಳಿದಿದ್ದಾರೆ. ಆದರೆ ಅಂಕಿತಗಳನ್ನು ಸಾಲಾಗಿಟ್ಟು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಊರು. ಕೃಷ್ಣಾ ಮಲಪ್ರಭೆಗಳು ಕೂಡುವಲ್ಲಿಯ ಸಂಗಮನಾಥನನ್ನು ಬಸವಣ್ಣನವರು ಎಳೆಯ ವಯಸ್ಸಿನಲ್ಲಿ ಸೇರಿಕೊಂಡರು. ಮುಂದೆ ಮಂಗಳವಾಡಕ್ಕೂ ಕಲ್ಯಾಣಕ್ಕೂ ಹೋದರು. ಹೋದರೂ ಕೂಡಲಸಂಗಮವನ್ನು ಬಾಯಿಂದ ಬಿಡಲಿಲ್ಲ. ಐದಕ್ಕಿ ಮಾರಯ್ಯನದು ಅಮರೇಶ್ವರ. ರಾಯಚೂರು ಸೀಮೆಯಿಂದ ಕಲ್ಯಾಣಕ್ಕೆ ಬಂದು ಬಿದ್ದ ಅಕ್ಕಿಯನ್ನು ಆಯುತ್ತಿದ್ದವನು ಬಿಟ್ಟ ಊರಿನ ದೇವರನ್ನು ಕಾಯಕದ ಸಂಗಡ ತಂದಿದ್ದನು. ಶರಣರಾಚೆಗೆ ದಾಸರನ್ನು ನೋಡಿದರೆ, ಕನಕದಾಸರ ಅಂಕಿತದಲ್ಲಿ ಕಾಗಿನೆಲೆ ಎಂದು ಊರ ಹೆಸರೇ ನೇರವಾಗಿ ಬಂದಿದೆ. ಹೊಟ್ಟೆಪಾಡಿಗೋ ಧರ್ಮದ ಹಂಬಲಕ್ಕೋ ಊರು ಬಿಟ್ಟವನ ಮಾತಿನ ಕೊನೆಗೆ ಊರು ನಿಲ್ಲುತ್ತದೆ. ಇದನ್ನು ಘಟ್ಟವಿಳಿದು ಬಂದ ಮನೆತನಗಳ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಮನೆಗಳಲ್ಲಿ ಊರ ದೇವರ ಜಾತ್ರೆಯ ತಾರೀಖು ಗೊತ್ತಿಲ್ಲದವರಾರು?

ಊರಿನ ಬಳಿಕ ಮನುಷ್ಯ. ಇಲ್ಲಿ ಹೆಂಗಸರ ಅಂಕಿತಗಳು ಬಹಳ ವಿಚಾರಯೋಗ್ಯ. ಮಾರಯ್ಯನ ಹೆಂಡತಿ ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಗಂಡನ ಹೆಸರಿನ ಹಿಂದೆ ನಿಂತವಳೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಒಯ್ದು ಅಲ್ಲಿಯೇ ಸುರಿದು ಬಾ ಎಂದವಳು ಇವಳೇ. ಅವನನ್ನು ತಿದ್ದುವ ವಚನದ ಕೊನೆಗೂ ಅವನ ಹೆಸರೇ ಇದೆ! ಅಂಕಿತವನ್ನು ತೆಗೆದು ಓದಿದರೆ ಅದು ದುರಾಸೆಯ ವಿಷಯವಾದ ಒಳ್ಳೆಯ ಬುದ್ಧಿಮಾತು. ಅಂಕಿತದೊಡನೆ ಓದಿದರೆ ಒಂದು ಮನೆಯ ಒಳಗಿನ ಮಾತು. ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆಯ ಅಂಕಿತದಲ್ಲಿಯೂ ಗಂಡನ ಹೆಸರುಂಟು. ಎಲ್ಲರಿಗಿಂತ ನಮ್ಮನ್ನು ತಡೆದು ನಿಲ್ಲಿಸುವವಳು ಸೂಳೆ ಸಂಕವ್ವೆ. ದೊರೆತಿರುವುದು ಒಂದೇ ವಚನ. ಒಬ್ಬನಿಂದ ಒತ್ತೆ ಹಿಡಿದ ಮೇಲೆ ಇನ್ನೊಬ್ಬನಿಂದ ಹಿಡಿಯಲಾರೆನೆಂಬ ತನ್ನ ಹಿಂದಿನ ವೃತ್ತಿಯ ಕಟ್ಟಳೆಯನ್ನೇ ಅವಳು ವ್ರತದ ಭಾಷೆಯನ್ನಾಗಿ ಮಾಡಿದ್ದಾಳೆ. ಅವಳ ಅಂಕಿತ 'ನಿರ್ಲಜ್ಜೇಶ್ವರ'. ಲಜ್ಜೆಗೆಟ್ಟವಳೆಂದು ಊರು ಅಂದಿರಬೇಕು; ಆ ಮಾತನ್ನೇ ತೆಗೆದುಕೊಂಡು ದೇವರ ಹೆಸರಾಗಿಸಿ ಊರಿನ ಮುಂದಿಟ್ಟಳೆಂದು ನಾವು ಓದುತ್ತೇವೆ. ಪಠ್ಯಗಳಲ್ಲಿ ಈ ವಚನ ಅಪರೂಪ. ಕಾರಣವನ್ನು ನಾವು ಶಿಕ್ಷಕರು ಬಲ್ಲೆವು. ಅದು ಸಂಕವ್ವೆಯ ಲಜ್ಜೆಯಲ್ಲ, ನಮ್ಮದು.

ಅಂಕಿತವನ್ನು ತೆಗೆದರೂ ಬದಲಿಸಿದರೂ ವಚನದ ತಿರುಳಿಗೆ ಬಾಧೆಯಿಲ್ಲವೆನ್ನುವವರಿದ್ದಾರೆ. ಈ ಮಾತು ನ್ಯಾಯಾಲಯದವರೆಗೆ ಹೋದದ್ದನ್ನು ಓದುಗರು ಬಲ್ಲರು. ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಕೂಡಲಸಂಗಮದೇವನೆಂಬ ಅಂಕಿತದ ಎಡೆಯಲ್ಲಿ ಲಿಂಗದೇವನೆಂದು ಅಚ್ಚು ಮಾಡಿಸಿದರು. 1998ರಲ್ಲಿ ಕರ್ನಾಟಕ ಸರಕಾರವು ಆ ಗ್ರಂಥವನ್ನು ನಿಷೇಧಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಷೇಧವನ್ನು ಎತ್ತಿಹಿಡಿಯಿತು. ಗ್ರಂಥವನ್ನು ನಿಷೇಧಿಸುವುದು ವಿಮರ್ಶೆಯಲ್ಲ. ಸಾಹಿತ್ಯದ ಪ್ರಶ್ನೆಗೆ ಸಾಹಿತ್ಯದವರೇ ಉತ್ತರ ಕೊಡಬೇಕಾಗಿದ್ದಿತು. ಇಷ್ಟಲಿಂಗವನ್ನು ನಂಬಿದವರ ಬಾಯಲ್ಲಿ ಒಂದು ಊರಿನ ಗುಡಿಯ ದೇವರ ಹೆಸರು ಹೊಂದದೆಂದು ಯಾರಾದರೂ ವಾದಿಸಿದರೆ ಅದು ತಳ್ಳಿಹಾಕುವಂತಹ ವಾದವೂ ಅಲ್ಲ. ಆದರೆ ಅದಕ್ಕೆ ಉತ್ತರವುಂಟು. ಸ್ಥಾವರವನ್ನು ಪ್ರಶ್ನಿಸಿದ ಬಸವಣ್ಣನವರೇ ಸಂಗಮದ ಹೆಸರನ್ನು ಉಳಿಸಿಕೊಂಡರು. ತತ್ತ್ವ ಮುಂದೆ ನಡೆಯಿತು, ಹೆಸರು ಹಿಂದಣ ಹೊಳೆಯ ದಂಡೆಯಲ್ಲಿ ನಿಂತಿತು. ಇವೆರಡರ ಎಳೆದಾಟವು ಆ ವಚನಗಳ ಜೀವದಲ್ಲಿ ಸೇರಿದೆ. ಲಿಂಗದೇವನೆಂದು ತಿದ್ದಿದರೆ ತತ್ತ್ವ ನುಣುಪಾಗುತ್ತದೆ, ಬಾಗೇವಾಡಿಯಿಂದ ಹೊರಟುಬಂದ ಹುಡುಗ ಕಾಣೆಯಾಗುತ್ತಾನೆ.

ಒಬ್ಬರ ನಂಬುಗೆಯ ಹೆಸರನ್ನು ಇನ್ನೊಬ್ಬರು ಬದಲಿಸುವುದು ಎಂತಹದೆಂದು ಗೋವೆಯ ನೆಲಕ್ಕೆ ಚೆನ್ನಾಗಿ ಗೊತ್ತು. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಆಳಿಕೆಯಲ್ಲಿ ಮತಾಂತರಗೊಂಡವರಿಗೆ ದೀಕ್ಷಾಸ್ನಾನದೊಡನೆ ಹೊಸ ಹೆಸರು ಬಂದಿತು, ಹೊಸ ಅಡ್ಡಹೆಸರೂ ಬಂದಿತು. 1560ರಲ್ಲಿ ಮೊದಲಾಗಿ 1812ರವರೆಗೆ ನಡೆದ ಧರ್ಮವಿಚಾರಣೆಯ ನ್ಯಾಯಸ್ಥಾನವೂ ಜನರನ್ನು ಸಭೆಗೆ ಕರೆದು ಅವರ ನಂಬುಗೆಯನ್ನು ಕೇಳುತ್ತಿದ್ದಿತು. ಶಿವಚಿತ್ತನ ಸಪ್ತಕೋಟೀಶ್ವರನು ದೀವಾಡಿ ನಡುಗಡ್ಡೆಯನ್ನು ಬಿಟ್ಟು ಹೊಳೆ ದಾಟಿ ನಾರ್ವೆಗೆ ಹೋಗಬೇಕಾಯಿತು. ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದರು. ಇರಲಿ, ಇದು ಬೇರೊಂದು ಪ್ರಬಂಧದ ವಸ್ತು.

ಅಂದು ಸಂಜೆ ಆ ಹುಡುಗನೊಡನೆ ಇನ್ನೂ ಸ್ವಲ್ಪ ಹೊತ್ತು ಮಾತನಾಡಿದೆವು. ದೇವರ ಹೆಸರು ಹೇಳಲು ಸಂಕೋಚವಾದರೆ ಅಂಬಿಗರ ಚೌಡಯ್ಯನ ವಚನ ಕಲಿತುಕೋ ಎಂದೆವು. ಅವನದು ವಿಚಿತ್ರವಾದ ಅಂಕಿತ. ಅಲ್ಲಿ ದೇವರಿಲ್ಲ, ಅವನ ಕಾಯಕವೂ ಅವನ ಹೆಸರೂ ಮಾತ್ರ. ಅದೂ ಬೇರೊಬ್ಬರು ಅವನ ಕುರಿತು ಹೇಳಿದಂತೆ, 'ನಮ್ಮ' ಎಂಬ ಮಾತಿನೊಡನೆ ಬರುತ್ತದೆ. ಎಲ್ಲರೂ ದೇವರನ್ನು ಸಾಕ್ಷಿಗೆ ಕರೆದರೆ ಇವನು ಕೂಟವನ್ನೇ ಕರೆದಿದ್ದಾನೆ. ಹುಡುಗ ಕೇಳಿದನು: "ಅವರ ಅಂಕಿತದಾಗ ದೇವರ ಹೆಸರು ಯಾಕ ಇಲ್ರೀ ಸರ್?" ದೋಣಿ ನಡೆಸುವ ಕಾಯಕವೇ ಅವನಿಗೆ ಲಿಂಗವಾಗಿದ್ದಿರಬೇಕು ಎಂದೆವು. ಅವನ ಮಾತುಗಳನ್ನು ನೆನಪಿನಲ್ಲಿ ಉಳಿಸಿ ಹೇಳುತ್ತ ಬಂದವರು ಹಾಗೆ ಸೇರಿಸಿರಲೂಬಹುದು ಎಂದೂ ಹೇಳಿದೆವು. ಹುಡುಗನಿಗೆ ಎರಡೂ ಹಿಡಿಸಿದಂತೆ ಕಾಣಲಿಲ್ಲ. ಬಹುಮಾನದ ನೋಟುಬುಕ್ಕನ್ನು ಸುರುಳಿ ಸುತ್ತುತ್ತ, "ಹಂಗಾದ್ರ ಅವರನ್ನ ಯಾರೂ ನೀ ಯಾವ ಪೈಕಿ ಅಂತ ಕೇಳಲಿಲ್ಲೇನ್ರಿ?" ಎಂದನು. ಕೇಳಿದ್ದರು, ಅಂಬಿಗ ಎಂದು ಅವನೇ ಮೊದಲು ಹೇಳಿಬಿಡುತ್ತಿದ್ದನು ಎಂದೆವು.