ಅಪವಾದಗಳ ಕೋಷ್ಟಕ ಹೇಳದೆ ಬಿಟ್ಟದ್ದು

ಫ್ರೆಡರಿಕ್ ವೀಲಾಕ್ ಅವರ ಲ್ಯಾಟಿನ್ ಪಠ್ಯಪುಸ್ತಕ ಬಂದದ್ದು 1956ರಲ್ಲಿ, ಇಂದಿಗೂ ಚಲಾವಣೆಯಲ್ಲಿದೆ. ಅದರ 27ನೇ ಅಧ್ಯಾಯದಲ್ಲಿ ನಿಯಮಕ್ಕೆ ಬಗ್ಗದ ತರತಮ ರೂಪಗಳಿವೆ. ಒಳ್ಳೆಯದಕ್ಕೆ ಬೊನುಸ್, ಅದಕ್ಕಿಂತ ಒಳ್ಳೆಯದಕ್ಕೆ ಮೆಲಿಯೊರ್, ಎಲ್ಲಕ್ಕಿಂತ ಒಳ್ಳೆಯದಕ್ಕೆ ಒಪ್ಟಿಮುಸ್. ಮೂರರಲ್ಲಿ ಒಂದಕ್ಕೂ ಇನ್ನೊಂದರ ಚಹರೆಯಿಲ್ಲ. ವೀಲಾಕ್ ಇವನ್ನು ಅಚ್ಚುಕಟ್ಟಾದ ಕೋಷ್ಟಕಕ್ಕೆ ತಂದು, ಇವುಗಳಿಂದ ಹುಟ್ಟಿದ ಇಂಗ್ಲಿಷ್ ಪದಗಳನ್ನು ನೆನಪಿಗೆ ಆಸರೆಯಾಗಿ ಕೊಡುತ್ತಾರೆ. ಮ್ಯಾಕ್ಸಿಮಮ್, ಮಿನಿಮಮ್ ಬಲ್ಲವರಿಗೆ ಅರ್ಧ ಪಾಠ ಆಗಲೇ ಗೊತ್ತು. ಇದು ಮೆಚ್ಚಬೇಕಾದ್ದೇ.

ನನ್ನ ತಕರಾರು ಕ್ರಿಯಾವಿಶೇಷಣಗಳದ್ದು. ಅವು ಬರುವುದು 32ನೇ ಅಧ್ಯಾಯದಲ್ಲಿ, ವೋಲೋ, ನೋಲೋ ಎಂಬ ಹಟಮಾರಿ ಕ್ರಿಯಾಪದಗಳ ಜೊತೆ ಇಕ್ಕಟ್ಟಿನಲ್ಲಿ. ಆದರೆ ‘ಇನ್ನೂ ಚೆನ್ನಾಗಿ’ ಎನ್ನಲು ಬಳಸುವ ಮೆಲಿಯುಸ್ ಬೇರೇನೂ ಅಲ್ಲ, ಮೆಲಿಯೊರ್‌ನ ನಪುಂಸಕ ಏಕವಚನ. ಪೇಯುಸ್, ಮಿನುಸ್ ಕೂಡ ಹಾಗೆಯೇ. ಇದನ್ನು 27ನೇ ಅಧ್ಯಾಯದಲ್ಲೇ ಹೇಳಿಬಿಟ್ಟಿದ್ದರೆ ಮುಂದೆ ನಿಜವಾಗಿ ಬಾಯಿಪಾಠ ಬೇಕಾಗುವುದು ಮಗಿಸ್‌ನಂಥ (‘ಹೆಚ್ಚಾಗಿ’) ಒಂದೆರಡಕ್ಕೆ.

ಇನ್ನೂ ದೊಡ್ಡ ಕೊರತೆಯೊಂದಿದೆ. ಕೋಷ್ಟಕ ಇವನ್ನು ನಿಯಮದ ಅಂಚಿಗೆ ತಳ್ಳುತ್ತದೆ. ಇತಿಹಾಸದಲ್ಲಿ ನಡೆದದ್ದು ತಿರುಗುಮುರುಗು. ಲ್ಯಾಟಿನ್ ಒಡೆದು ಫ್ರೆಂಚ್, ಸ್ಪ್ಯಾನಿಷ್ ಆಗುವಾಗ ಅಳಿದದ್ದು ನಿಯಮಬದ್ಧವಾದ ‘ಇಯೊರ್’ ಪ್ರತ್ಯಯ. ಉಳಿದದ್ದು ಈ ಪುಂಡರು. ಫ್ರೆಂಚಿನ ಮೆಯ್ಯರ್, ಸ್ಪ್ಯಾನಿಷ್‌ನ ಮೆಹೋರ್ ಎರಡೂ ಮೆಲಿಯೊರ್‌ನ ಮಕ್ಕಳು. ಸತ್ತ ಪ್ರತ್ಯಯದ ಕೆಲಸಕ್ಕೆ ನಿಂತದ್ದೂ ಇದೇ ಬಳಗ: ಫ್ರೆಂಚಿನಲ್ಲಿ ಪ್ಲೂಸ್, ಸ್ಪ್ಯಾನಿಷ್‌ನಲ್ಲಿ ಮಗಿಸ್ ಸವೆದು ಆದ ‘ಮಾಸ್’. ದಿನಕ್ಕೆ ನೂರು ಸಲ ನಾಲಗೆಯ ಮೇಲೆ ಹೊರಳುವ ಪದ ನಿಯಮಕ್ಕೆ ಹೆದರುವುದಿಲ್ಲ. ಶ್ರೇಷ್ಠ, ಕನಿಷ್ಠ ಎನ್ನುವ ನಮಗೆ ಇದು ಹೊಸತಲ್ಲ. ಸಂಸ್ಕೃತ ವೈಯಾಕರಣ ಪಾಣಿನಿ ಇಂಥ ರೂಪಗಳನ್ನು ಅಪವಾದವೆಂದು ಮೂಲೆಗಿಡದೆ, ‘ಹೊಗಳಿಕೆಗೆ ತಕ್ಕ’ ಎನ್ನುವ ಪ್ರಶಸ್ಯದ ಜಾಗಕ್ಕೆ ‘ಶ್ರ’ ಬರಲಿ ಎಂದು ಸೂತ್ರದೊಳಕ್ಕೇ ಸೇರಿಸಿಕೊಂಡ. ಆ ಧೈರ್ಯ ವೀಲಾಕ್‌ಗೆ ಇಲ್ಲ.

ವೀಲಾಕ್‌ನಲ್ಲಿ ಜಗಳಗಂಟ ಉದಾಹರಣೆಗಳೂ ಕಡಿಮೆ. ಒಂದನ್ನು ನೋಡಿ. ಪಿಯುಸ್ (‘ನಿಷ್ಠಾವಂತ’) ತರಹ ‘ಉಸ್’ಗೆ ಮುಂಚೆ ಸ್ವರವಿರುವ ಪದಕ್ಕೆ ಸಾಮಾನ್ಯವಾಗಿ ಪ್ರತ್ಯಯ ಹಚ್ಚುವುದಿಲ್ಲ, ‘ಅತ್ಯಂತ’ ಎನ್ನಲು ಮಾಕ್ಸಿಮೆ ಸೇರಿಸಬೇಕು. ಆದರೆ ರೋಮಿನ ಸೇನಾನಿ ಆಂಟನಿ ಒಂದು ಪತ್ರದಲ್ಲಿ ಪಿಯಿಸ್ಸಿಮುಸ್ ಎಂಬ ರೂಪ ಬಳಸಿದ. ಕ್ರಿ.ಪೂ. 43ರಲ್ಲಿ, 13ನೇ ಫಿಲಿಪ್ಪಿಕ್ ಭಾಷಣದಲ್ಲಿ, ಅಂಥ ಪದವೇ ಲ್ಯಾಟಿನ್‌ನಲ್ಲಿಲ್ಲ ಎಂದು ವಾಗ್ಮಿ ಸಿಸೆರೊ ಅವನನ್ನು ಹಂಗಿಸಿದ. ರೋಮಿನ ಜನ ಸಿಸೆರೊನ ಮಾತಿಗೆ ಕಿವಿಗೊಡಲಿಲ್ಲ: ಮುಂದೆ ಹೆಂಡತಿ, ಗಂಡ, ತಾಯ್ತಂದೆಯರನ್ನು ಹೊಗಳುವ ಶಾಸನಗಳಲ್ಲಿ ಆ ‘ಇಲ್ಲದ’ ಪದವನ್ನೇ ಧಾರಾಳವಾಗಿ ಕೆತ್ತಿಸಿದರು.