ಗೊರಗೊರ ಸದ್ದು ಆಕಾಶದ್ದಲ್ಲ

ಶಾರ್ಟ್‌ವೇವ್ ರೇಡಿಯೋ ಸತ್ತಿತು ಎನ್ನುವವರನ್ನು ಸಾಕ್ಷಿ ಕೇಳಿದರೆ ಸಿಗುವ ಉತ್ತರ ಒಂದೇ. ಅಟ್ಟದಿಂದ ಹಳೇ ಸೆಟ್ಟು ಇಳಿಸಿದೆ, ಸೆಲ್ ಹಾಕಿ ಮುಳ್ಳು ತಿರುಗಿಸಿದೆ, ಗೊರಗೊರ ಬಿಟ್ಟು ಏನೂ ಬರಲಿಲ್ಲ. ಅದರ ಬೆನ್ನಿಗೇ ರೇಡಿಯೋ ಸಿಲೋನ್, ಅದರ ಬಿನಾಕಾ ಗೀತ್‌ಮಾಲಾ, ನಿರೂಪಕ ಅಮೀನ್ ಸಯಾನಿ ಎಂಬ ಹಳಹಳಿಕೆ. ಪತ್ರಿಕೆಗಳ ಭಾನುವಾರದ ಪುರವಣಿಗೆ ಇಷ್ಟು ಸಾಕು. ಉಸಿರಾಡುತ್ತಿರುವವರ ತಿಥಿ ಊಟಕ್ಕೆ ಎಲೆ ಹಾಕುವುದರಲ್ಲಿ ನಮಗೆ ಯಾಕೋ ಇಷ್ಟು ಆತುರ.

ನನ್ನ ತಕರಾರು ಆ ಗೊರಗೊರದಿಂದಲೇ ಶುರು. ಅದು ಬಹುಪಾಲು ಕೇಳುವವರ ಮನೆಯದ್ದೇ. ಎಲ್‌ಇಡಿ ಬಲ್ಬು, ಫೋನಿನ ಚಾರ್ಜರ್, ಇನ್ವರ್ಟರ್, ವೈಫೈ ಡಬ್ಬಿಯ ಅಡಾಪ್ಟರ್ ಎಲ್ಲದರೊಳಗೂ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡಿಸುವ ಸರ್ಕ್ಯೂಟ್ ಇರುತ್ತದೆ. ಅಗ್ಗದ ಮಾಲಿನಲ್ಲಿ ಅದರ ಕಸ ಶಾರ್ಟ್‌ವೇವ್‌ನ 3ರಿಂದ 30 ಮೆಗಾಹರ್ಟ್ಸ್ ತುಂಬ ಚೆಲ್ಲುತ್ತದೆ. ಸೆಟ್ಟನ್ನು ಚಾರ್ಜರ್ ಪಕ್ಕ ಇಟ್ಟು ಸ್ವಿಚ್ ಹಾಕಿ, ಆರಿಸಿ ನೋಡಿದರೆ ಕಳ್ಳ ಅಲ್ಲೇ ಸಿಕ್ಕಿಬೀಳುತ್ತಾನೆ.

ಸೂರ್ಯ ಮುಳುಗಿದ ಮೇಲೆ ಸೆಟ್ಟನ್ನು ತಾರಸಿಗೆ ಒಯ್ಯಿರಿ. ಕರೆಂಟಿಗೆ ಸಿಕ್ಕಿಸದೆ ಸೆಲ್ ಮೇಲೆಯೇ ಓಡಲಿ. ನಾಲ್ಕೈದು ಮೀಟರ್ ಮಾಮೂಲಿ ವೈರನ್ನು ಏರಿಯಲ್‌ಗೆ ಸುತ್ತಿ, ಇನ್ನೊಂದು ತುದಿಯನ್ನು ಬಟ್ಟೆ ಒಣಗಿಸುವ ಕಂಬಕ್ಕೆ ಕಟ್ಟಿ. 31 ಮೀಟರ್ ಬ್ಯಾಂಡಿಗೆ, ಅಂದರೆ 9400ರಿಂದ 9900 ಕಿಲೋಹರ್ಟ್ಸ್ ನಡುವೆ ಬಂದು, ಐದೈದು ಕಿಲೋಹರ್ಟ್ಸ್ ದಾಟುತ್ತ ಹೋಗಿ. ಎಲ್ಲೋ ಒಂದು ಕಡೆ ಸದ್ದು ಇದ್ದಕ್ಕಿದ್ದಂತೆ ತಗ್ಗುತ್ತದೆ. ಅಲ್ಲೊಂದು ನಿಲಯ ಇದೆ ಎಂದರ್ಥ. ದನಿ ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಉಬ್ಬುತ್ತದೆ. ಭಾಷೆ ತಿಳಿಯದಿದ್ದರೆ ಗಂಟೆ ತುಂಬುವವರೆಗೆ ಕಾಯಬೇಕು, ನಿಲಯಗಳು ಸಾಮಾನ್ಯವಾಗಿ ಹೆಸರು ಹೇಳಿಕೊಳ್ಳುವುದು ಆಗಲೇ. ಮಟಮಟ ಮಧ್ಯಾಹ್ನ 49 ಮೀಟರ್ ತಿರುಗಿಸಿ ದೂರದ ನಿಲಯ ಬರಲಿಲ್ಲ ಎಂದು ಗೊಣಗುವವರೂ ಇದ್ದಾರೆ. ಹಗಲು ಬಿಸಿಲಿಗೆ ವಾತಾವರಣದ ಮೇಲ್ಭಾಗದ ಅಯಾನುಗೋಳದ ಕೆಳಪದರ ಅಂಥ ಅಲೆಗಳನ್ನು ನುಂಗುತ್ತದೆ. ಕತ್ತಲಾದರೆ ಆ ಪದರವೇ ಕರಗಿ, ಅಲೆ ಮೇಲಿನ ಪದರಕ್ಕೆ ಬಡಿದು ದೂರದೇಶಕ್ಕೆ ಮರಳುತ್ತದೆ.

ನಿಲಯಗಳು ಕಡಿಮೆಯಾಗಿವೆ, ಸುಳ್ಳಲ್ಲ. ಬಿಬಿಸಿ ಹಿಂದಿ 2020ರ ಜನವರಿ 31ಕ್ಕೆ ಶಾರ್ಟ್‌ವೇವ್ ಬಿಟ್ಟಿತು. ಉಳಿದದ್ದರಲ್ಲಿ ಚೀನಾದ್ದೇ ದೊಡ್ಡ ಗದ್ದಲ. ಆದರೆ ಅದೇ ಯೋಚಿಸಬೇಕಾದ ಸಂಗತಿ. ಕೇಳುವವರು ಕಡಿಮೆ ಎಂದು ಆಸ್ಟ್ರೇಲಿಯಾ 2017ರ ಜನವರಿಯಲ್ಲಿ ರೇಡಿಯೋ ಆಸ್ಟ್ರೇಲಿಯಾದ ಶಾರ್ಟ್‌ವೇವ್ ಮುಚ್ಚಿತು. ಚಂಡಮಾರುತಕ್ಕೆ ಮೊಬೈಲ್ ಟವರುಗಳು ಉರುಳುವ ಪೆಸಿಫಿಕ್ ದ್ವೀಪಗಳವರು ಬೇಡವೆಂದರೂ ಕೇಳಲಿಲ್ಲ. ಖಾಲಿಯಾದ ಕಂಪನಾಂಕಗಳಲ್ಲಿ ಕೆಲವಕ್ಕೆ ಬಂದು ಕೂತದ್ದು ಚೀನಾ ರೇಡಿಯೋ ಇಂಟರ್‌ನ್ಯಾಷನಲ್. ಸತ್ತ ಮಾಧ್ಯಮಕ್ಕೆ ಯಾರು ಬಾಡಿಗೆದಾರರಾಗುತ್ತಾರೆ? 2022ರ ಮಾರ್ಚ್‌ನಲ್ಲಿ ಉಕ್ರೇನಿಗಾಗಿ ಬಿಬಿಸಿಯೇ ದಿನಕ್ಕೆ ನಾಲ್ಕು ಗಂಟೆ, 15735 ಮತ್ತು 5875 ಕಿಲೋಹರ್ಟ್ಸ್‌ನಲ್ಲಿ ಇಂಗ್ಲಿಷ್ ಸುದ್ದಿ ಬಿತ್ತರಿಸತೊಡಗಿತು.

ಶಾರ್ಟ್‌ವೇವ್ ಭಕ್ತರ ಮಾತನ್ನೂ ಪೂರ್ತಿ ನುಂಗಲಾರೆ. ಇದನ್ನು ಯಾರೂ ತಡೆಯಲಾರರು ಎನ್ನುತ್ತಾರೆ. ಸೋವಿಯತ್ ಕಾಲದ ಜಾಮಿಂಗ್ ಮರೆತರೇ? ಚೀನಾ ತನಗಾಗದ ನಿಲಯಗಳ ಮೇಲೆ ಜಾಗಟೆ, ಡೋಲುಗಳ ಸಂಗೀತವನ್ನೇ ಸುರಿದು ಮುಳುಗಿಸಿದ್ದೂ ಉಂಟು. ತಡೆಯುವುದು ಸಾಧ್ಯ, ಆದರೆ ದುಬಾರಿ. ಯಾರು ಕೇಳುತ್ತಿದ್ದಾರೆಂದು ಪತ್ತೆ ಹಚ್ಚುವುದು ಮಾತ್ರ ಬಹಳ ಕಷ್ಟ. ಫೋನಿನಲ್ಲಿ ಕೇಳಿದರೆ ಎಷ್ಟು ಹೊತ್ತು, ಯಾವ ಊರಿನಿಂದ ಎಂಬುದೆಲ್ಲ ಯಾರದೋ ಸರ್ವರಿನಲ್ಲಿ ಉಳಿಯುತ್ತದೆ. ರೇಡಿಯೋ ಯಾರಿಗೂ ವರದಿ ಕೊಡುವುದಿಲ್ಲ.

ಈ ಗುಣವೇ ಅದಕ್ಕೆ ಮುಳುವಾಯಿತು. ಪ್ರಸಾರ ಸಂಸ್ಥೆಗಳ ಬಜೆಟ್ ಸಭೆಯಲ್ಲಿ ಫೋನಿನವರು ಕ್ಲಿಕ್ಕುಗಳ ಪಟ್ಟಿ ಇಡುತ್ತಾರೆ, ಪ್ರೇಷಕದವರು ಬರಿಗೈಲಿ ಕೂರುತ್ತಾರೆ. ಎಣಿಸಲಾಗದ ಕೇಳುಗರು ಕಡತದಲ್ಲಿ ಇಲ್ಲದ ಕೇಳುಗರಾಗುತ್ತಾರೆ. ಆ ಸಭೆಗೆ ತಲುಪಬಲ್ಲ ಕಾಗದ ಅಂದರೆ ಕೇಳುಗರು ಬರೆಯುವ ವರದಿ: ತಾರೀಖು, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಸಮಯ, ಕಂಪನಾಂಕ, ಏನು ಕೇಳಿಸಿತು, ಎಷ್ಟು ಸ್ಪಷ್ಟವಾಗಿ ಕೇಳಿಸಿತು. ಹಳಹಳಿಕೆಯ ಲೇಖನ ಬರೆಯುವವರು ಅದರ ಬದಲು ಇಂಥದ್ದೊಂದು ವರದಿ ಕಳಿಸಿದ್ದರೆ, ಕೇಳಿದ್ದು ನಿಜವೆಂದು ನಿಲಯ ಕಳಿಸುವ ಕ್ಯೂಎಸ್‌ಎಲ್ ಕಾರ್ಡಾದರೂ ಬರುತ್ತಿತ್ತು.