ಯಾರ ಪೈಕಿ?



ಶಿವಮೊಗ್ಗ-ಭದ್ರಾವತಿ ನಡುವಿನ ಬಿ.ಎಚ್. ರಸ್ತೆಯಲ್ಲಿ ಮಾಚೇನಹಳ್ಳಿ ಇದೆ. ಕಾರ್ಖಾನೆಗಳ ಜಾಗ. ಪಾಳಿ ಮುಗಿಸಿ ಬಸ್ಸಿಗೆ ಕಾಯುವವರ ಪಕ್ಕ ಹೊಸಬ ನಿಂತರೆ ಎರಡು ಮಾತಿಗೆಲ್ಲ ಕೇಳೇ ಕೇಳುತ್ತಾರೆ: 'ಯಾವೂರು? ಯಾರ ಪೈಕಿ?' ಊರಿನ ಹೆಸರು ಹೇಳಿಬಿಡುತ್ತೇವೆ. ಎರಡನೇದಕ್ಕೆ ನಾಲಿಗೆ ತಡವರಿಸುತ್ತದೆ. ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಮಾಡಿದವರು ನಾವು, ಆದರೂ ತಡವರಿಸುತ್ತದೆ.

ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯ ಓದಿದಾಗ ನಮಗೆ ಕೇಳಿಸಿದ್ದು ಇದೇ ಪ್ರಶ್ನೆ. ನೆರೆಯವರನ್ನು ತನ್ನಂತೆಯೇ ಕಾಣಬೇಕು ಅನ್ನೋದು ಅಲ್ಲಿಯ ಶಾಸ್ತ್ರಪಂಡಿತನಿಗೆ ಬಾಯಿಪಾಠ. ಆದರೂ, ನೆರೆಯವನು ಅಂದ್ರೆ ಯಾರು ಅಂತ ಯೇಸುವನ್ನು ಕೆಣಕುತ್ತಾನೆ. ಪ್ರೀತಿಗೆ ಬೇಲಿ ಎಲ್ಲಿ ಹಾಕಲಿ ಅಂತ ಕೇಳಿದ ಹಾಗೆ! ನಮ್ಮೂರುಗಳಲ್ಲಿ ಆ ಬೇಲಿ ಎಂದೋ ಹಾಕಿಯಾಗಿದೆ. ಊರು ಒಂದು ಕಡೆ, ಕೇರಿ ಒಂದು ಕಡೆ. ಕೂಗಿದರೆ ಕೇಳುವಷ್ಟು ಹತ್ತಿರವಿದ್ದೂ ನಾವು ಯಾರಿಗೂ ನೆರೆಯವರಲ್ಲ.

ಯೇಸು ಒಂದು ಕಥೆ ಹೇಳುತ್ತಾನೆ. ಕಳ್ಳರು ಬಡಿದು ಬಿಸಾಕಿದವನನ್ನು ನೋಡಿ ಪೂಜಾರಿ ಪಕ್ಕಕ್ಕೆ ಸರಿದು ಹೋದ. ದೇವಾಲಯದ ಸೇವೆಯ ಕುಲದ ಲೇವಿಯನೂ ಹೋದ. ನಿಂತವನು ಸಮಾರ್ಯದವನು, ಯೆಹೂದ್ಯರು ಹತ್ತಿರ ಸೇರಿಸದ ಜನ. ಅವನು ಗಾಯ ಮುಟ್ಟಿದ, ಎಣ್ಣೆ ಹಾಕಿ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ಖರ್ಚೂ ಕೊಟ್ಟ. ಕೊನೆಗೆ ಯೇಸು ಪಂಡಿತನ ಪ್ರಶ್ನೆಯನ್ನೇ ತಿರುಗಿಸುತ್ತಾನೆ: ಈ ಮೂವರಲ್ಲಿ ನೆರೆಯವನಾದವನು ಯಾರು? ಪಂಡಿತನ ಬಾಯಲ್ಲಿ 'ಸಮಾರ್ಯದವನು' ಅನ್ನೋ ಹೆಸರೇ ಬರುವುದಿಲ್ಲ. ಕರುಣೆ ತೋರಿದವನು ಅಂತ ಸುತ್ತಿ ಬಳಸಿ ಹೇಳುತ್ತಾನೆ. ನಮ್ಮ ಹೆಸರು ಹಿಡಿದು ಕರೆಯಲು ಹಿಂಜರಿಯುವ ನಾಲಿಗೆಗಳ ಪರಿಚಯ ನಮಗಿದೆ.

ಈ ಕಥೆಯನ್ನು ನಮಗೆ ಹೇಳುವವರು ಏನು ಮಾಡುತ್ತಾರೆ? ನಮ್ಮನ್ನು ತಂದು ದಾರಿಯಲ್ಲಿ ಬಿದ್ದವನ ಜಾಗದಲ್ಲಿ ಮಲಗಿಸುತ್ತಾರೆ. ತಾವು ಎಣ್ಣೆ ಹಿಡಿದು ನಿಲ್ಲುತ್ತಾರೆ. ನಮ್ಮ ತಕರಾರು ಇಲ್ಲೇ. ಕಥೆಯಲ್ಲಿ ಹೊರಗಿನವನು ಬಿದ್ದವನಲ್ಲ ಸ್ವಾಮಿ, ಎತ್ತಿದವನು!

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆ ತೆರೆಯಿತು, ಮಗ್ಗ ಹಾಕಿತು, ಹೆಂಚಿನ ಕಾರ್ಖಾನೆ ಕಟ್ಟಿತು. ಅಕ್ಷರದ ಆ ಋಣವನ್ನು ನಾವು ಮರೆಯುವವರಲ್ಲ. ಆದರೆ ಜಾತಿ ಚರ್ಚಿನೊಳಕ್ಕೂ ನಡೆದುಬಂತು. ಇದನ್ನು ಎತ್ತಿ ಆಡಿದವರು ಒಳಗಿನವರೇ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರದ ಮಾತು ಶುರುವಾಯಿತು. ಸರ್ಕಾರವೂ ಕಡಿಮೆಯಿಲ್ಲ. 1950ರ ಪರಿಶಿಷ್ಟ ಜಾತಿ ಆದೇಶ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡಿತು. ಕ್ರೈಸ್ತ ದಲಿತರನ್ನು ಹೊರಗೇ ನಿಲ್ಲಿಸಿತು. ಊರಿನವರಿಗೆ ಅವರು ಹೊಲೆಯ-ಮಾದಿಗರೇ, ಕಾಗದದಲ್ಲಿ ಮಾತ್ರ ಅಲ್ಲ!

ಇನ್ನು 'ಸೇವೆ' ಅನ್ನೋ ಮಾತು. ನಮ್ಮ ಜಿಲ್ಲೆಯಲ್ಲೇ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಹೆಣ್ಣುಮಕ್ಕಳನ್ನು ಬೆತ್ತಲೆ ನಡೆಸುವುದಕ್ಕೂ ಸೇವೆ ಅಂತಲೇ ಹೆಸರಿತ್ತು. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಲು ಹೋದವರು ದಲಿತ ಸಂಘರ್ಷ ಸಮಿತಿಯವರು. ಭದ್ರಾವತಿಯಲ್ಲಿ ಮೇಷ್ಟರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿ ಬೆಳೆಸಿದ ಸಂಘಟನೆ. ಅವರನ್ನು ಹೊಡೆದರು, ಬಟ್ಟೆ ಕಿತ್ತರು. ಆಮೇಲೆ ಸರ್ಕಾರ ಆ ಪದ್ಧತಿ ನಿಷೇಧಿಸಿತು. ಆ ಕಾರ್ಯಕರ್ತರಲ್ಲಿ ಲೂಕನನ್ನು ಓದಿದವರು ಎಷ್ಟು ಜನವೋ, ಸಮಾರ್ಯದವನ ಕೆಲಸ ಮಾಡಿದವರು ಮಾತ್ರ ಅವರೇ. ಒಂದು ಹೆಜ್ಜೆ ಮುಂದೆಯೂ ಹೋದರು. ಸಮಾರ್ಯದವನು ಗಾಯ ಕಟ್ಟಿದ. ಕಳ್ಳರು ಅದೇ ದಾರಿಯಲ್ಲಿ ಉಳಿದರು. ಇವರು ದಾರಿಗೇ ಅಡ್ಡ ನಿಂತರು.

ಗಾಯ ಕಟ್ಟುವ ಕೈ ಬೇಕು. ಕಳ್ಳರನ್ನು ಕೇಳುವ ಬಾಯಿಯೂ ಬೇಕು. ಎರಡನೆಯದಕ್ಕೆ ಹೆದರುವ ಪ್ರೀತಿ ನಮ್ಮ ಕೇರಿಗೆ ಕಂಬಳಿ ಹಂಚಿ ವಾಪಸ್ಸಾಗುತ್ತದೆ, ಪಕ್ಕದಲ್ಲಿ ಕೂತು ಉಣ್ಣುವುದಿಲ್ಲ.

ಮಾಚೇನಹಳ್ಳಿಯ ಬಸ್ಸು ಇನ್ನೂ ಬಂದಿಲ್ಲ. ಪಕ್ಕದವನು ಮತ್ತೆ ಕೇಳುತ್ತಾನೆ, ಯಾರ ಪೈಕಿ? ಈ ಸಲ ತಡವರಿಸದೆ ಹೇಳೋಣ: ಎತ್ತೋರ ಪೈಕಿ ಕಣಪ್ಪಾ. ನೀನು?